ಕೂತು ಆಡುವ ಮಾತು

ಬೇರೆ ಊರುಗಳಲ್ಲಿ "ಬನ್ನಿ, ಕೂತು ಮಾತಾಡೋಣ" ಎಂದರೆ ಅದು ಮರ್ಯಾದೆಯ ಮಾತಂತೆ. ನಮ್ಮೂರಿನಲ್ಲಿ ಹಾಗಂದರೆ ಎದುರಿಗಿರುವವನ ಮುಖ ಸಪ್ಪಗಾಗುತ್ತದೆ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ಅವನಿಗೆ ತಟ್ಟನೆ ನೆನಪಾಗುತ್ತದೆ. ಯಾಕೆಂದರೆ ನಮ್ಮಲ್ಲಿ ಕೂತು ಆಡಿದ್ದು ಮಾತ್ರ ಮಾತು. ನಿಂತು ಆಡಿದ್ದು ಬರೀ ಗಾಳಿ. ನಿಂತುಕೊಂಡು ನೀವು ಯಾರನ್ನು ಎಷ್ಟು ಬೇಕಾದರೂ ಬೈಯಬಹುದು, ಹೊಗಳಬಹುದು, ನಿನ್ನ ಕಾಲಿಗೆ ಬೀಳುತ್ತೇನೆ ಎನ್ನಬಹುದು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅದೇ ಮಾತನ್ನು ಕೂತು ಆಡಿದರೆ ಮುಗಿಯಿತು, ಅದು ಹಾಗೇ ಆಗಬೇಕು. ದೊಡ್ಡವರೆಲ್ಲ ಭಾಷಣವನ್ನು ನಿಂತೇ ಯಾಕೆ ಮಾಡುತ್ತಾರೆ ಎಂದು ಬೇರೆ ಊರಿನವರು ಯೋಚಿಸಿದಂತಿಲ್ಲ. ನಾವು ಕೇಳಿ, ಚಪ್ಪಾಳೆ ತಟ್ಟಿ, ಮನೆಗೆ ಬಂದು ನಮ್ಮ ಕೆಲಸ ನೋಡಿಕೊಳ್ಳುತ್ತೇವೆ.

ಮಲಗಿ ಆಡಿದ್ದು ಜ್ವರದ ಬಡಬಡಿಕೆ. ಹಿಂದೊಮ್ಮೆ ಯಾರೋ ಬುದ್ಧಿವಂತ ಕುಕ್ಕರಗಾಲಿನಲ್ಲಿ ಕೂತು ಮಗಳನ್ನು ಕೊಡುತ್ತೇನೆಂದು ಹೇಳಿ, ಆಮೇಲೆ ತಾನು ಕೂತೇ ಇರಲಿಲ್ಲ ಎಂದು ವಾದಿಸಿದನಂತೆ. ಹಿರಿಯರು ಮೂರು ದಿನ ಯೋಚಿಸಿ ತೀರ್ಮಾನ ಕೊಟ್ಟರು: ಕುಂಡಿ ಮುಟ್ಟದ ಹೊರತು ಮಾತು ಮುಟ್ಟುವುದಿಲ್ಲ. ಸಣ್ಣಪುಟ್ಟ ಮಾತಿಗೆ ಮನೆಯ ಚಾಪೆ, ಅಂಗಡಿಯ ಸ್ಟೂಲು ಸಾಕು. ಮದುವೆ, ಮನೆ, ಹುಟ್ಟು, ಸಾವು, ಇಂಥದ್ದಕ್ಕೆಲ್ಲ ಊರ ನಡುವಿನ ಕಲ್ಲುಕಟ್ಟೆಗೇ ಬಂದು ಕೂರಬೇಕು. ಅದರ ಮೇಲೆ ಮೆತ್ತೆ ಹಾಕುವಂತಿಲ್ಲ. ಮೆತ್ತೆಯ ಮೇಲೆ ಆಡಿದ ಮಾತು ಮೆತ್ತಗಾಗುತ್ತದಂತೆ.

ಇಂಥ ಊರಿನಲ್ಲಿ ಹುಟ್ಟಿದ ನನಗೆ ಕುರು ಏಳುವ ರೋಗ ಬಂತು. ಬಂದದ್ದು ಬಂತು, ಬೆನ್ನಿಗೋ ಭುಜಕ್ಕೋ ಬರಬಾರದಿತ್ತೇ? ಹತ್ತೊಂಬತ್ತನೇ ವಯಸ್ಸಿಗೆ ಕಂಕುಳಿನಲ್ಲಿ ಶುರುವಾಯಿತು, ಆಮೇಲೆ ತೊಡೆಸಂದಿಗೆ ಇಳಿಯಿತು, ಅಲ್ಲೂ ಜಾಗ ಸಾಲದೆ ನಾನು ಕೂರುವ ಜಾಗಕ್ಕೇ ಬಂದು ಬಿಡಾರ ಹೂಡಿತು. ಮೊದಲು ಚರ್ಮದ ಒಳಗೆ ಹುಣಸೆಬೀಜದಷ್ಟು ಗಂಟು. ನಾಲ್ಕು ದಿನಕ್ಕೆ ನಿಂಬೆಹಣ್ಣು. ಅದು ಮಿಡಿಯುವುದಕ್ಕೆ ಶುರುಮಾಡಿದರೆ ಹೃದಯ ಎದೆಯಲ್ಲಿದೆ ಎಂದು ಪುಸ್ತಕದಲ್ಲಿ ಬರೆದವನ ಮೇಲೆ ಸಿಟ್ಟು ಬರುತ್ತದೆ. ಕೊನೆಗೆ ಒಡೆಯುತ್ತದೆ, ಕೀವು, ರಕ್ತ, ಒಂದು ವಾಸನೆ. ಇದು ಮಾಯುವಷ್ಟರಲ್ಲಿ ಪಕ್ಕದ್ದು ನಾನಿದ್ದೇನೆ ಎನ್ನುತ್ತದೆ. ಅಂದಹಾಗೆ ನನ್ನ ಹೆಸರು ಚೆಲುವರಾಜು. ನಗಬೇಡಿ, ಅಮ್ಮ ಇಟ್ಟದ್ದು. ಇಡುವಾಗ ಅವಳು ಮುಖ ಮಾತ್ರ ನೋಡಿದ್ದಳು.

ಮದ್ದು ಮಾಡಲಿಲ್ಲವೇ ಎಂದು ಕೇಳಬೇಡಿ. ಬೆಲ್ಲ ಸುಣ್ಣ ಕಲಸಿ ಹಚ್ಚಿದೆ, ಅಗಸೆ ಬೀಜದ ಪಟ್ಟು ಹಾಕಿದೆ, ಎಕ್ಕದ ಹಾಲು ಬಿಟ್ಟುಕೊಂಡು ಎರಡು ದಿನ ಕುಣಿದೆ. ಉಷ್ಣ ಎಂದು ಅಮ್ಮ ವರ್ಷಗಟ್ಟಲೆ ನನಗೆ ಮಜ್ಜಿಗೆ ಕುಡಿಸಿದಳು. ಕುರುಗಳು ತಂಪಾಗಿ ಬೆಳೆದವು. ಕೊನೆಗೆ ಬಸ್ಸು ಹತ್ತಿ, ಕಂಬಿ ಹಿಡಿದು ನಿಂತುಕೊಂಡೇ ದೂರದ ಊರಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ನೋಡಿ ಒಂದು ಉದ್ದನೆಯ ಹೆಸರು ಹೇಳಿದರು. "ಇದು ಅಂಟುರೋಗ ಅಲ್ಲ. ಸ್ನಾನ ಮಾಡದೆ ಬಂದದ್ದೂ ಅಲ್ಲ. ಮಾತ್ರೆಯಿಂದ ಕಡಿಮೆ ಆಗುತ್ತೆ, ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಆದರೆ ಒಂದು ತಿಳ್ಕೊಳ್ಳಿ, ಇದು ನಿಮ್ಮ ತಪ್ಪಲ್ಲ" ಎಂದರು. ಕಣ್ಣು ತುಂಬಿಬಂತು. ಆಮೇಲೆ ನೋಡುತ್ತೇನೆ, ಡಾಕ್ಟರು ಅದನ್ನು ನಿಂತುಕೊಂಡು ಹೇಳಿದ್ದರು. ನಂಬುವುದು ಹೇಗೆ?

ಅಮ್ಮನಿಗೆ ಬಿಟ್ಟರೆ ಊರಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಚೆಲುವರಾಜು ಕೂರುವುದಿಲ್ಲ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಅವರೇ ಒಂದು ಕಾರಣ ಹುಡುಕಿಕೊಂಡರು: ಇವನು ಪಕ್ಕಾ ಆಸಾಮಿ, ಯಾವ ಮಾತಿಗೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಜಾರಿಕೊಳ್ಳುತ್ತಾನೆ. ನಾನು ಮೀಸೆ ತಿರುವಿ ಸುಮ್ಮನಾದೆ. ಕುರುವಿನವನು ಅನ್ನಿಸಿಕೊಳ್ಳುವುದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದು ಮೇಲು ಎಂದು ನನ್ನ ಲೆಕ್ಕಾಚಾರ. ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರದೆ ಸೊಂಟಕ್ಕೆ ಟವಲ್ಲು ಕಟ್ಟಿ ಬಡಿಸಲು ನಿಲ್ಲುತ್ತಿದ್ದೆ. ಎಂಥ ಸೇವಾ ಮನೋಭಾವ ಎಂದು ಮುದುಕಿಯರು ಹೊಗಳುತ್ತಿದ್ದರು. ಅಮ್ಮ ಸತ್ತ ದಿನ ಮಾತ್ರ ಈ ನಾಟಕ ಕೈಕೊಟ್ಟಿತು. ಎಲ್ಲರೂ ಅವಳ ಸುತ್ತ ಕೂತು ಅತ್ತರು. ನಾನು ಗೋಡೆಗೆ ಒರಗಿ ನಿಂತು ಅತ್ತೆ. "ನಿಂತು ಅತ್ತ, ಪಾಪ, ಏನು ದುಃಖವೋ ಏನೋ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಅದು ಈಗಲೂ ನೋಯುತ್ತದೆ.

ನಿಜ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳಲಿ? ನಾನು ಯಾಕೆ ಕೂರುವುದಿಲ್ಲ ಎನ್ನುವುದನ್ನು ಜನ ನಂಬಬೇಕಾದರೆ ನಾನು ಅದನ್ನು ಕೂತು ಹೇಳಬೇಕು.

ನನಗೆ ಒಪ್ಪುವ ಕೆಲಸವೂ ಸಿಕ್ಕಿತ್ತು. ರಾಚಪ್ಪ ಸಾಹುಕಾರರ ಸೀರೆ ಅಂಗಡಿ. ಸಾಹುಕಾರರು ಗಾದಿಯ ಮೇಲೆ ಕೂತು ಬೆಲೆ ಹೇಳುತ್ತಾರೆ. ನಾನು ಪಕ್ಕದಲ್ಲಿ ನಿಂತು "ಬಣ್ಣ ಹೋಗಲ್ಲ ಅಮ್ಮಾ, ಹತ್ತು ವರ್ಷ ಉಟ್ಟರೂ ಹೀಗೇ ಇರುತ್ತೆ, ನಿಮಗೇ ಅಂತ ನೇಯ್ದಂಗಿದೆ" ಎನ್ನುತ್ತೇನೆ. ಹೆಂಗಸರಿಗೆ ಅದು ಗಾಳಿ ಎಂದು ಗೊತ್ತು; ಆದರೂ ಕೇಳಲು ಇಷ್ಟಪಡುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುವವರು ಕಮಲಾಕ್ಷಿ. ದಿನವಿಡೀ ಮೆಷಿನ್ನಿನ ಮುಂದೆ ಕೂತೇ ಇರುವವರು. ಅಂದರೆ ಅವರು ಆಡಿದ್ದೆಲ್ಲ ಮಾತು. ಹಾಗಾಗಿ ಬಹಳ ಕಡಿಮೆ ಮಾತಾಡುತ್ತಿದ್ದರು. ನನಗೋ ಏನು ಆಡಿದರೂ ಲೆಕ್ಕಕ್ಕಿಲ್ಲ, ಬಾಗಿಲಿಗೆ ಒರಗಿ ನಿಂತು ಹನ್ನೊಂದು ವರ್ಷ ಮಾತಾಡಿದೆ.

ನನಗೆ ನಲವತ್ತೈದು, ಕಮಲಾಕ್ಷಿಗೆ ಮೂವತ್ತೊಂಬತ್ತು. ಇಪ್ಪತ್ತರ ವಯಸ್ಸಿನಲ್ಲಿ ಒಬ್ಬ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬೇಗ ಬಂದು ಮದುವೆಯಾಗುತ್ತೇನೆ ಎಂದಿದ್ದನಂತೆ. ಇವರು ನಂಬಿ ನಾಲ್ಕು ವರ್ಷ ಕಾದರಂತೆ. ಊರೆಲ್ಲ ನಕ್ಕಿತು, ನಿಂತ ಮಾತನ್ನು ನಂಬುವವರುಂಟೇ ಎಂದು. ಅಲ್ಲಿಂದ ಈಚೆಗೆ ಅವರು ನಿಂತು ಒಂದು ಮಾತನ್ನೂ ಆಡುವುದಿಲ್ಲ, ನಿಂತವರ ಮಾತಿಗೆ ನಕ್ಕು ಸೂಜಿಗೆ ದಾರ ಪೋಣಿಸುತ್ತಾರೆ. ನಾನು ನಗಿಸುವಂತೆಯೇ ಹೇಳುತ್ತಿದ್ದೆ. "ಕಮಲಾಕ್ಷಿಯವರೇ, ನಿಮ್ಮನ್ನ ಬಿಟ್ಟರೆ ನನಗೆ ಈ ಊರಲ್ಲಿ ಯಾರಿದ್ದಾರೆ ಹೇಳಿ" ಎನ್ನುತ್ತಿದ್ದೆ. ನಿಜವನ್ನೇ ಹೇಳುತ್ತಿದ್ದೆ, ನಿಂತು ಹೇಳುತ್ತಿದ್ದೆ, ಅಷ್ಟೇ.

ಒಂದು ಗುರುವಾರ ಅವರು ಮೆಷಿನ್ ನಿಲ್ಲಿಸಿದರು. "ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಗಂಡಿನ ಕಡೆಯವರು ಬರ್ತಾರೆ. ಅಣ್ಣ ಕಟ್ಟೇಲಿ ಕೂತು ಆಗಲಿ ಅಂತಾನೆ. ನಾನೂ ಆಗಲಿ ಅಂತೀನಿ. ಅದಕ್ಕೆ ಮುಂಚೆ ನೀವು ಕೂತು ಕೇಳೋದಿದ್ರೆ ಕೇಳಿ." ಇಷ್ಟು ಹೇಳಿ ಮತ್ತೆ ಮೆಷಿನ್ ತುಳಿದರು.

ನನಗೆ ಆ ವಾರ ಎಡಗಡೆ ಒಂದು ದೊಡ್ಡದು ಎದ್ದಿತ್ತು. ಅದರ ಸಮಯಪ್ರಜ್ಞೆಗೆ ಏನೆನ್ನೋಣ. ಮನೆಯಲ್ಲಿ ಅಕ್ಕಿ ಮೂಟೆಯ ಮೇಲೆ ಬಲಗಡೆಗೆ ವಾಲಿ ಕೂರುವುದನ್ನು ಅಭ್ಯಾಸ ಮಾಡಿದೆ. ಹೇಳಬೇಕಾದ್ದು ಒಂದೇ ವಾಕ್ಯ: "ಬೋರೇಗೌಡರೇ, ನಿಮ್ಮ ತಂಗೀನ ನನಗೆ ಕೊಡಿ." ಕೂತು, ಹೇಳಿ, ಎದ್ದುಬಿಡುವುದು. ಒಂದು ಉಸಿರಿನ ಕೆಲಸ. ಅಮ್ಮನ ಫೋಟೋದ ಮುಂದೆ ಇಪ್ಪತ್ತು ಸಲ ಹೇಳಿದೆ. ಒಂದು ಸಲವೂ ಅಮ್ಮ ಒಪ್ಪಿದ ಹಾಗೆ ಕಾಣಲಿಲ್ಲ.

ಅದೇ ವಾರದ ಭಾನುವಾರ ಬೆಳಿಗ್ಗೆ ಚೆಲುವರಾಜು ಕೂರುತ್ತಾನಂತೆ ಎಂದು ಊರಿಗೆ ಊರೇ ಕಟ್ಟೆಯ ಸುತ್ತ ಸೇರಿತ್ತು. ಎದುರಿಗೆ ಕಮಲಾಕ್ಷಿಯ ಅಣ್ಣ ಬೋರೇಗೌಡ, ಭಾರದ ಮನುಷ್ಯ, ತೊಡೆಯ ಮೇಲೆ ಕೈಯಿಟ್ಟು ಕೂತಿದ್ದ. ನಡುವೆ ಕಟ್ಟೆಯ ಯಜಮಾನರಾದ ಕೆಂಪಯ್ಯನವರು. ಹೆಂಗಸರ ಕಡೆಯ ಮೆಟ್ಟಿಲ ಮೇಲೆ ಕಮಲಾಕ್ಷಿ. ನಾನು ಹೊಸ ಬಿಳಿ ಪಂಚೆ ಉಟ್ಟು ಬಂದು, ದೇವರನ್ನು ನೆನೆದು, ಬಲಗಡೆಗೆ ವಾಲಿ ಕೂತೆ. ಕಲ್ಲು ಅಲ್ಲಿ ಸ್ವಲ್ಪ ಉಬ್ಬಿತ್ತು. ನಾನು ಎಡಕ್ಕೆ ಜಾರಿದೆ. ಪೂರ್ತಿ ಭಾರ ಹೋಗಿ ಅದರ ಮೇಲೆಯೇ ಬಿತ್ತು.

"ಅಯ್ಯಯ್ಯೋ, ಸತ್ತೆ!" ಎಂದು ಕಿರುಚಿ ನೆಗೆದು ನಿಂತೆ.

ಯಾರೂ ನಗಲಿಲ್ಲ. ಕೆಂಪಯ್ಯನವರು ಕಿವಿಗೆ ಕೈ ಹಿಡಿದು "ಏನಂದೆ?" ಎಂದರು.

"ಏನಿಲ್ಲ ಯಜಮಾನರೇ, ಸುಮ್ನೆ ಬಾಯಿಗೆ ಬಂತು."

"ಸತ್ತೆ ಅಂದೆ. ಕೂತು ಅಂದೆ."

"ಮಾತಿಗೆ ಹಾಗಂದದ್ದು. ನಾನು ಸತ್ತಿಲ್ಲ, ನೋಡಿ, ನಿಮ್ಮೆದುರಿಗೇ ಇದೀನಿ!"

"ಅದನ್ನ ನಿಂತು ಹೇಳ್ತಿದೀಯಲ್ಲಪ್ಪಾ" ಎಂದು ಕೆಂಪಯ್ಯನವರು ದುಃಖದಿಂದ ತಲೆಯಾಡಿಸಿದರು. ಇಪ್ಪತ್ತಾರು ವರ್ಷಗಳಲ್ಲಿ ನಾನು ಕೂತು ಆಡಿದ ಒಂದೇ ಒಂದು ಮಾತು ಅದು. ಬೋರೇಗೌಡ ಎದ್ದು, "ಸತ್ತವರಿಗೆ ಹೆಣ್ಣು ಕೊಡೋ ಪದ್ಧತಿ ನಮ್ಮಲ್ಲಿಲ್ಲ" ಎಂದು ಹೇಳಿ, ತಲೆಗೆ ನೀರು ಹಾಕಿಕೊಳ್ಳಲು ಮನೆಗೆ ಹೊರಟ. ಕಟ್ಟೆಯ ಮೇಲೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಒಂದೇ ದಾರಿ. ಯಜಮಾನರು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಅದು ಮುಗಿಯುವವರೆಗೆ ಮಾತಾಡಿದವನು ಅಲ್ಲೇ ಕೂತು ನಿಜ ಹೇಳಬೇಕು. ಕೆಂಪಯ್ಯನವರಿಗೆ ಇರುವುದು ನಾಲ್ಕು ಹಲ್ಲು, ಅವೂ ಒಂದರ ಎದುರಿಗೆ ಒಂದಿಲ್ಲ.

ಹೀಗೆ ನಾನು ಸತ್ತೆ. ಸಾಯುವುದು ಅಂಥ ಕಷ್ಟವೇನಲ್ಲ. ಹಾಲಿನವನು ಹಾಲು ಹಾಕುವುದನ್ನು ನಿಲ್ಲಿಸಿದ. ರಾಚಪ್ಪ ಸಾಹುಕಾರರು ಬಾಗಿಲಲ್ಲೇ ಕೈಮುಗಿದು, ಸತ್ತವನನ್ನು ಕೆಲಸಕ್ಕೆ ಇಟ್ಟುಕೊಂಡರೆ ಊರು ಏನನ್ನುತ್ತದೆ ಎಂದು ಕಣ್ಣೊರೆಸಿಕೊಂಡರು. ಬೀದಿಯಲ್ಲಿ ಹೋದರೆ ಜನ ನನ್ನ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದರು. ಎಂಥ ಮನುಷ್ಯ, ಎಷ್ಟು ಚೆನ್ನಾಗಿ ಬಡಿಸುತ್ತಿದ್ದ ಎಂದು. ಎಲ್ಲ ನಿಂತು ಹೇಳಿದ್ದೇ, ಆದರೂ ಎರಡು ಸಲ ಅದೇ ಬೀದಿಯಲ್ಲಿ ಓಡಾಡಿದೆ. ಪಕ್ಕದ ಮನೆಯ ಜಯಮ್ಮ ಬೇಲಿಯ ಆಚೆಯಿಂದ "ನಿಮ್ಮ ಹನ್ನೊಂದನೇ ದಿನಕ್ಕೆ ಪಾಯಸ ಮಾಡಿಸ್ತೀರಾ, ಹೋಳಿಗೆನಾ? ಹೋಳಿಗೆ ಆದ್ರೆ ನಾನು ಹೂರಣ ರುಬ್ಬಿಕೊಡ್ತೀನಿ" ಎಂದರು. ಒಳ್ಳೆಯ ಹೆಂಗಸು. ಹೋಳಿಗೆಯೇ ಇರಲಿ ಎಂದೆ.

ನಕ್ಕುಕೊಂಡೇ ಐದು ದಿನ ಕಳೆದೆ. ಆದರೆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಕುರು ಒಡೆದಿರಲಿಲ್ಲ, ಬೋರಲು ಮಲಗಿ ದಿಂಬು ಕಚ್ಚುತ್ತಿದ್ದೆ. ಭಾನುವಾರ ಬಂದರೆ ಕಮಲಾಕ್ಷಿ ಆಗಲಿ ಎನ್ನುತ್ತಾರೆ, ಅವರು ಕೂತು ಅಂದಮೇಲೆ ಅದು ಆದಂತೆಯೇ.

ಶುಕ್ರವಾರ ಮಧ್ಯಾಹ್ನ ಅವರೇ ಬಂದರು. ಸಾವಿನ ಮನೆಗೆ ಬಂದವರಂತೆ ಮಾತಿಲ್ಲದೆ ಬಂದು ಜಗಲಿಯ ಮೇಲೆ ಕೂತರು. ಆಮೇಲೆ "ಯಾಕೆ ಕಿರುಚಿದ್ರಿ?" ಎಂದರು.

ಹೇಳಿದೆ. ಎಲ್ಲವನ್ನೂ ಹೇಳಿದೆ. ಕಂಕುಳು, ತೊಡೆ, ಕೀವು, ವಾಸನೆ, ಪಂಚೆಯನ್ನು ಎರಡು ಮಡಿಕೆ ಉಡುವುದು, ಅಮ್ಮ ಸತ್ತ ದಿನ ನಿಂತದ್ದು. ಅವರು ತಲೆ ತಗ್ಗಿಸಿ ಕೇಳಿದರು.

"ನಿಂತು ಹೇಳ್ತಿದೀರಿ" ಎಂದರು ಕೊನೆಗೆ.

"ಕೂರಕ್ಕಾಗಲ್ಲ ಅಂತಾನೇ ಅಲ್ವೇನ್ರೀ ಇಷ್ಟು ಹೊತ್ತು ಬಡ್ಕೊಂಡದ್ದು!" ಎಂದು ರೇಗಿದೆ. ಸತ್ತವನಿಗೂ ಸಿಟ್ಟು ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ಅವರು ಸಿಟ್ಟಾಗಲಿಲ್ಲ. "ಒಂದು ಸಲ ನಿಂತ ಮಾತು ನಂಬಿದ್ದೆ. ಇನ್ನೊಂದು ಸಲ ನಂಬಕ್ಕೆ ಭಯ ಆಗುತ್ತೆ" ಎಂದರು. ಅವರ ಕಣ್ಣು ತುಂಬಿತ್ತು. "ನಾಳೆ ಬೆಳಿಗ್ಗೆ ನಾನು ಕಟ್ಟೆ ಹತ್ರ ಇರ್ತೀನಿ. ಅಣ್ಣನ್ನೂ ಕರ್ಕೊಂಡು ಬರ್ತೀನಿ." ಎದ್ದು ಹೋದರು.

ಶನಿವಾರ ಕಟ್ಟೆಗೆ ಹೋದೆ. ಕೆಂಪಯ್ಯನವರು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ, ಬಾಯಿಗೆ ಹಾಕಿಕೊಂಡರು. ನಾನು ಬಲಗಡೆಗೆ ವಾಲಿ ಕೂತೆ. "ಪೂರ್ತಿ ಕೂರಪ್ಪಾ" ಎಂದರು. ಹಲ್ಲು ಕಚ್ಚಿ ಪೂರ್ತಿ ಕೂತೆ. ಕಣ್ಣು ಕತ್ತಲೆ ಬಂತು, ಬಾಯಿಗೆ ಬಂದ ಅಯ್ಯೋವನ್ನು ನುಂಗಿದೆ. ಇನ್ನೊಂದು ಸಲ ಸಾಯುವುದಕ್ಕೆ ನನಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಅದು ಒಡೆಯಿತು. ಬಿಸಿಯಾಗಿ ಹರಿದದ್ದು ಗೊತ್ತಾಯಿತು. ಈ ರೋಗದ ಒಂದೇ ಉಪಕಾರ ಅದು, ಒಡೆದ ತಕ್ಷಣ ನೋವು ಇಳಿಯುತ್ತದೆ. ನಾನು ಇಪ್ಪತ್ತಾರು ವರ್ಷಗಳ ಮೇಲೆ ಹಾಯಾಗಿ ಕೂತಿದ್ದೆ.

"ನಾನು ಬದುಕಿದೀನಿ" ಎಂದೆ. "ನನಗೆ ಕುರು ಏಳುತ್ತೆ. ಅದಕ್ಕೇ ಕೂರ್ತಿರಲಿಲ್ಲ. ಜಾರಿಕೊಳ್ಳೋಕಲ್ಲ. ಅಮ್ಮ ಸತ್ತಾಗ ನಿಂತು ಅತ್ತದ್ದೂ ಅದಕ್ಕೇ. ನಿಜವಾಗಿ ಅತ್ತಿದ್ದೆ."

ಪಕ್ಕದಲ್ಲಿ ಕೂತಿದ್ದವನು ಮೊಳದಷ್ಟು ಆಚೆ ಸರಿದ. ಇನ್ನೊಬ್ಬ ಮೂಗಿಗೆ ಟವಲ್ಲು ಹಿಡಿದ. ವಾಸನೆ ನನಗೂ ಬರುತ್ತಿತ್ತು. ಬೋರೇಗೌಡ ಮುಂದಕ್ಕೆ ಬಾಗಿ "ಅಂಟುತ್ತಾ?" ಎಂದ.

"ಇಲ್ಲ."

"ಗಲೀಜಾಗಿದ್ದು ಬಂದದ್ದಾ?"

"ಅಲ್ಲ. ದಿನಾ ಎರಡು ಸಲ ಸ್ನಾನ ಮಾಡ್ತೀನಿ. ಇದು ನನ್ನ ತಪ್ಪಲ್ಲ." ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಕೂತು ಹೇಳಿದ್ದೆ. ಹಾಗಾದರೆ ನಿಜ. ನನ್ನ ತಪ್ಪಲ್ಲ. ಡಾಕ್ಟರು ಪಾಪ, ಸರಿಯಾಗಿಯೇ ಹೇಳಿದ್ದರು.

"ವಾಸಿ ಆಗುತ್ತಾ?" ಎಂದ ಬೋರೇಗೌಡ.

ಆಗುತ್ತೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಒಂದೇ ಅಕ್ಷರ ಹೆಚ್ಚುಕಮ್ಮಿ. ಮೆಟ್ಟಿಲ ಮೇಲೆ ಕಮಲಾಕ್ಷಿ ನನ್ನನ್ನೇ ನೋಡುತ್ತಿದ್ದರು. "ಇಲ್ಲ" ಎಂದೆ. "ಕಮ್ಮಿ ಆಗುತ್ತೆ, ಮತ್ತೆ ಬರುತ್ತೆ. ಸಾಯೋವರೆಗೂ ಬರುತ್ತೆ. ಈ ಸಲ ಸತ್ತಂಗಲ್ಲ, ನಿಜವಾಗಿ ಸಾಯೋವರೆಗೂ." ನಿಮ್ಮ ತಂಗಿಯನ್ನು ಕೊಡಿ ಎಂದು ಅದರ ಮೇಲೆ ಹೇಗೆ ಕೇಳಲಿ? ಇಪ್ಪತ್ತು ಸಲ ಅಭ್ಯಾಸ ಮಾಡಿದ ವಾಕ್ಯ ಬಾಯೊಳಗೇ ಉಳಿಯಿತು. ಇಂಥ ಸಂಸಾರಕ್ಕೆ ಒಬ್ಬರನ್ನು ಕರೆಯುವಷ್ಟು ಧೈರ್ಯ ನನಗಿರಲಿಲ್ಲ.

ಕೆಂಪಯ್ಯನವರು ಇನ್ನೂ ಜಗಿಯುತ್ತಿದ್ದರು. ಜನ ಕೆಮ್ಮಿದರು, ಕಾಲು ಬದಲಿಸಿದರು. ಕೊನೆಗೆ ಅವರು ಆಚೆ ತಿರುಗಿ ಉಗಿದು, ಬಾಯಿ ಒರೆಸಿಕೊಂಡು, "ಬದುಕಿದಾನೆ. ಏಳಪ್ಪಾ" ಎಂದರು.

ನಾನು ಏಳಲಿಲ್ಲ.

ಕಟ್ಟೆಯ ನಿಯಮ, ಮಾತಾಡಿದವನು ಎದ್ದ ಮೇಲೆಯೇ ಉಳಿದವರು ಹೊರಡಬೇಕು. ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಪಂಚೆಯ ಹಿಂದೆ ಏನಾಗಿದೆ ಎಂದು ನನಗೆ ಗೊತ್ತಿತ್ತು. ಬಾಯಲ್ಲಿ ಹೇಳುವುದು ಬೇರೆ, ಬಿಳಿ ಪಂಚೆಯ ಮೇಲೆ ತೋರಿಸುವುದು ಬೇರೆ. ಇಪ್ಪತ್ತಾರು ವರ್ಷ ಕೂರಲಾಗದೆ ನಿಂತವನು ಈಗ ಏಳಲಾಗದೆ ಕೂತಿದ್ದೆ. ಕಲ್ಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ.

"ಅಷ್ಟು ವರ್ಷ ಕೂರು ಅಂದ್ರೆ ಕೂರಲಿಲ್ಲ, ಈಗ ಏಳು ಅಂದ್ರೆ ಏಳಲ್ಲ" ಎಂದರು ಕೆಂಪಯ್ಯನವರು. ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ.

ಹೆಂಗಸರ ಕಡೆ ಯಾರೋ ಎದ್ದರು. ಕಮಲಾಕ್ಷಿ. "ಏ ಕಮಲಾ, ಅವನು ಎದ್ದಿಲ್ಲ, ಕೂತ್ಕೋ" ಎಂದ ಬೋರೇಗೌಡ. ಅವರು ಕೂರಲಿಲ್ಲ. ಮೆಟ್ಟಿಲಿಳಿದು, ಕಟ್ಟೆಯನ್ನು ಸುತ್ತಿಕೊಂಡು, ಮೂಗಿಗೆ ಟವಲ್ಲು ಹಿಡಿದವರ ನಡುವೆ ದಾರಿ ಮಾಡಿಕೊಂಡು ನನ್ನ ಹಿಂದೆ ಬಂದರು. ಬೆನ್ನಿಗೆ ತಾಗುವಷ್ಟು ಹತ್ತಿರ. ಸೆರಗನ್ನು ಸೊಂಟದಿಂದ ಬಿಚ್ಚಿ ಅಗಲಕ್ಕೆ ಹಿಡಿದ ಸದ್ದು ಕೇಳಿಸಿತು.

"ಏಳಿ" ಎಂದರು. "ಹಿಂದೆ ನಾನಿದೀನಿ."

ಹದಿನೈದು ವರ್ಷಗಳಲ್ಲಿ ಅವರು ನಿಂತು ಆಡಿದ ಮೊದಲ ಮಾತು. ನಮ್ಮೂರಿನ ಪ್ರಕಾರ ಅದು ಬರೀ ಗಾಳಿ.

ಎದ್ದೆ.